ಎಷ್ಟು ಕತ್ತರಿಸಬೇಕು? ಥೈರಾಯ್ಡ್ ಕ್ಯಾನ್ಸರ್ ಚಿಕಿತ್ಸೆ ನಡೆದು ಬಂದ ದಾರಿ

ಲಂಡನ್ನಿನ ವೈದ್ಯ ಥಾಮಸ್ ವಾರ್ಟನ್ 1656ರಲ್ಲಿ ದೇಹದ ಗ್ರಂಥಿಗಳ ಬಗ್ಗೆ ಒಂದು ಪುಸ್ತಕ ಬರೆದ. ಕತ್ತಿನ ಬುಡದಲ್ಲಿ ಶ್ವಾಸನಾಳವನ್ನು ಮುಂದಿನಿಂದ ತಬ್ಬಿಕೊಂಡು ಕೂತಿರುವ ಗ್ರಂಥಿಗೆ 'ಥೈರಾಯ್ಡ್' ಎಂದು ಹೆಸರಿಟ್ಟವನು ಅವನೇ. ಗ್ರೀಕ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಗುರಾಣಿ ಎಂದರ್ಥ. ಹೆಸರೇನೋ ನಿಂತಿತು. ಆದರೆ ಆ ಗ್ರಂಥಿ ಅಲ್ಲಿ ಮಾಡುತ್ತಿರುವ ಕೆಲಸವೇನು ಎಂಬುದು ವಾರ್ಟನ್ನನಿಗೂ ಹೊಳೆಯಲಿಲ್ಲ. ಕತ್ತಿನ ಏರುತಗ್ಗುಗಳನ್ನು ತುಂಬಿ ಅದಕ್ಕೆ ದುಂಡನೆಯ ಅಂದ ಕೊಡುವುದು, ಅದರಲ್ಲೂ ಹೆಂಗಸರ ಕತ್ತಿಗೆ, ಅದರ ಕೆಲಸಗಳಲ್ಲೊಂದು ಇರಬೇಕೆಂದು ಅವನು ಊಹಿಸಿದ. ಅಂದಕ್ಕಾಗಿ ಇರುವ ಅಂಗವನ್ನು ತೆಗೆದರೆ ನಷ್ಟವೇನು? ಈ ತಿಳಿವಳಿಕೆಯ ಬೆಲೆಯನ್ನು ಇನ್ನೂರು ವರ್ಷಗಳ ಅನಂತರ ಸ್ವಿಟ್ಸರ್ಲೆಂಡಿನ ರೋಗಿಗಳು ತೆತ್ತರು.

ಇಂದು ಥೈರಾಯ್ಡ್ ಕ್ಯಾನ್ಸರ್ ಎಂದರೆ ಅತಿ ಹೆಚ್ಚು ಗುಣವಾಗುವ ಕ್ಯಾನ್ಸರ್‌ಗಳಲ್ಲಿ ಒಂದು. ಅದರ ಸಾಮಾನ್ಯ ಬಗೆ ಬಂದವರಲ್ಲಿ ಬಹುಪಾಲು ಮಂದಿ ಪೂರ್ಣಾಯುಷ್ಯ ಬದುಕುತ್ತಾರೆ. ಆದರೂ ವೈದ್ಯರ ವಲಯದಲ್ಲಿ ಇಷ್ಟು ಜಗಳಕ್ಕೆ ಕಾರಣವಾದ ಕ್ಯಾನ್ಸರ್‌ಗಳು ಹೆಚ್ಚಿಲ್ಲ. ಗುಣಪಡಿಸಬಹುದೇ ಎಂಬುದು ಜಗಳವಲ್ಲ. ಎಷ್ಟು ಹುಡುಕಬೇಕು, ಹುಡುಕಿ ಸಿಕ್ಕಿದ್ದರಲ್ಲಿ ಎಷ್ಟನ್ನು ಕತ್ತರಿಸಬೇಕು ಎಂಬುದು ಜಗಳ. ಒಂದೂವರೆ ಶತಮಾನದಿಂದ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತಲೇ ಇದೆ.

ಕತ್ತಿನ ಗಂಟು ಮನುಷ್ಯನಿಗೆ ಹೊಸದಲ್ಲ. ನಮ್ಮ ಸುಶ್ರುತ ಸಂಹಿತೆಯಲ್ಲಿ ಗಳಗಂಡದ ವಿವರಣೆಯಿದೆ. ಸಮುದ್ರದಿಂದ ದೂರವಿರುವ, ಮಳೆಯಿಂದ ಮಣ್ಣಿನ ಸತ್ವ ತೊಳೆದುಹೋದ ಬೆಟ್ಟಪ್ರದೇಶಗಳಲ್ಲಿ ಅದು ಮನೆಮನೆಯ ಕಾಯಿಲೆಯಾಗಿತ್ತು. ಹಿಮಾಲಯದ ತಪ್ಪಲು, ಯುರೋಪಿನ ಆಲ್ಪ್ಸ್, ನಮ್ಮ ಮಲೆನಾಡಿನ ಚಿಕ್ಕಮಗಳೂರು ಮತ್ತು ಕೊಡಗು ಈ ಪಟ್ಟಿಯಲ್ಲಿ ಸೇರುತ್ತವೆ. ಕಾರಣ ಅಯೋಡಿನ್ ಕೊರತೆ ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪು ಹಂಚಿ ನಡೆಸಿದ ಪ್ರಯೋಗವೇ ಅನಂತರ ದೇಶವ್ಯಾಪಿ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ನೂರಾರು ಗಳಗಂಡಗಳ ನಡುವೆ ಅಲ್ಲೊಂದು ಇಲ್ಲೊಂದು ಕ್ಯಾನ್ಸರ್ ಅಡಗಿರುತ್ತಿತ್ತು. ಹೊರಗಿನಿಂದ ನೋಡಿದರೆ ಯಾವುದು ಗಳಗಂಡ, ಯಾವುದು ಕ್ಯಾನ್ಸರ್ ಎಂದು ಹೇಳುವ ಉಪಾಯವಿರಲಿಲ್ಲ. ಹಾಗಾಗಿ ಥೈರಾಯ್ಡ್ ಕ್ಯಾನ್ಸರಿನ ಕಥೆ ಬಹುಕಾಲ ಗಳಗಂಡದ ಕಥೆಯೊಳಗೇ ಸೇರಿಕೊಂಡಿತ್ತು.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಥೈರಾಯ್ಡಿಗೆ ಕತ್ತಿ ತಾಗಿಸುವುದೆಂದರೆ ಕೊಲೆಗೆ ಸಮ ಎಂದು ಶಸ್ತ್ರವೈದ್ಯರೇ ಹೇಳುತ್ತಿದ್ದರು. ಬೇರಾವ ಗ್ರಂಥಿಗೂ ಇಲ್ಲದಷ್ಟು ರಕ್ತದ ಹರಿವು ಅದಕ್ಕೆ. ಕತ್ತಿ ಇಟ್ಟ ಕಡೆಯಲ್ಲೆಲ್ಲ ರಕ್ತ ಚಿಮ್ಮುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಗ್ರಾಸ್ 1866ರಲ್ಲಿ ಇದನ್ನು ಕಸಾಯಿ ಕೆಲಸವೆಂದೇ ಜರೆದು, ಬುದ್ಧಿಯುಳ್ಳ ಯಾವ ಶಸ್ತ್ರವೈದ್ಯನೂ ಇದಕ್ಕೆ ಕೈ ಹಾಕಬಾರದೆಂದು ಎಚ್ಚರಿಸಿದ. ಆ ಕಾಲದ ದೊಡ್ಡ ಹೆಸರಾದ ಥಿಯೊಡೋರ್ ಬಿಲ್‌ರೋತ್ ಜೂರಿಕ್‌ನಲ್ಲಿದ್ದಾಗ ಇಪ್ಪತ್ತು ಮಂದಿಗೆ ಈ ಶಸ್ತ್ರಚಿಕಿತ್ಸೆ ಮಾಡಿ ಎಂಟು ಮಂದಿಯನ್ನು ಕಳೆದುಕೊಂಡ. ಅನಂತರ ಹಲವು ವರ್ಷ ಅದರ ಗೊಡವೆಗೇ ಹೋಗಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದವನು ಬರ್ನ್ ನಗರದ ಥಿಯೊಡೋರ್ ಕೋಕರ್. 1872ರಲ್ಲಿ ಅಲ್ಲಿನ ಶಸ್ತ್ರವೈದ್ಯ ವಿಭಾಗದ ಮುಖ್ಯಸ್ಥನಾದಾಗ ಅವನಿಗೆ ಮೂವತ್ತೊಂದು ವರ್ಷ. ಗಾಯಕ್ಕೆ ನಂಜಾಗದಂತೆ ಕಾಯುವ ಹೊಸ ವಿಧಾನವನ್ನು ಅವನು ವ್ರತದಂತೆ ಪಾಲಿಸಿದ. ಅವಸರವೇ ಇಲ್ಲದೆ ಒಂದೊಂದೇ ರಕ್ತನಾಳವನ್ನು ಹುಡುಕಿ, ಇಕ್ಕಳದಲ್ಲಿ ಹಿಡಿದು, ಕಟ್ಟಿ, ಆಮೇಲೆ ಕತ್ತರಿಸುತ್ತಿದ್ದ. ಆರಂಭದಲ್ಲಿ ಅವನ ನೂರು ರೋಗಿಗಳಲ್ಲಿ ಹನ್ನೆರಡು ಹದಿಮೂರು ಮಂದಿ ಸಾಯುತ್ತಿದ್ದರು. ಅವನ ಕೊನೆಗಾಲಕ್ಕೆ ಆ ಸಂಖ್ಯೆ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಐದು ಸಾವಿರದಷ್ಟು ಕತ್ತುಗಳ ಮೇಲೆ ಆ ಕೈ ಆಡಿತ್ತು.

ಕೈಚಳಕದಷ್ಟೇ ಆಗಿದ್ದರೆ ಕೋಕರ್ ಇಂದು ನೆನಪಿನಲ್ಲಿ ಉಳಿಯುತ್ತಿದ್ದನೋ ಇಲ್ಲವೋ. 1882ರಲ್ಲಿ ಜಿನೀವಾದ ಶಸ್ತ್ರವೈದ್ಯ ಝಾಕ್-ಲೂಯಿ ರೆವರ್ಡಿನ್ ಅವನಿಗೆ ಒಂದು ವಿಚಿತ್ರ ಸುದ್ದಿ ಹೇಳಿದ. ಥೈರಾಯ್ಡನ್ನು ಪೂರ್ತಿ ತೆಗೆಸಿಕೊಂಡ ತನ್ನ ಕೆಲವು ರೋಗಿಗಳು ಗಾಯ ಮಾಯ್ದ ಮೇಲೆ ಮಂಕಾಗುತ್ತಿದ್ದಾರೆ, ಮುಖ ಊದುತ್ತಿದೆ ಎಂದ. ಕೋಕರ್‌ಗೆ ತಾನು 1874ರಲ್ಲಿ ಶಸ್ತ್ರಚಿಕಿತ್ಸೆ ಮಾಡಿದ್ದ ಹನ್ನೊಂದು ವರ್ಷದ ಹುಡುಗಿ ನೆನಪಾದಳು. ಆಕೆಯ ಸ್ವಭಾವವೇ ಬದಲಾಗಿದೆಯೆಂದು ಊರಿನ ವೈದ್ಯರು ಹಿಂದೆಯೇ ತಿಳಿಸಿದ್ದರು. ಕೋಕರ್ ತನ್ನ ಹಳೆಯ ರೋಗಿಗಳಿಗೆಲ್ಲ ಪತ್ರ ಬರೆದು ಕರೆಸಿದ. ಆ ಹುಡುಗಿಯೂ ಬಂದಳು. ಅವಳ ತಂಗಿಯೂ ಅವಳೂ ಹಿಂದೆ ಒಬ್ಬರನ್ನೊಬ್ಬರು ಹೋಲುತ್ತಿದ್ದರು. ಈಗ ತಂಗಿ ಬೆಳೆದು ಪ್ರಾಯದ ಯುವತಿಯಾಗಿದ್ದಳು. ಅಕ್ಕ ಮಾತ್ರ ಕುಳ್ಳಾಗಿ, ಊದಿದ ಮುಖದ ಮಂದಬುದ್ಧಿಯ ಮಗುವಿನಂತೆ ನಿಂತಿದ್ದಳು. ಪೂರ್ತಿ ಗ್ರಂಥಿ ಕಳೆದುಕೊಂಡು ತಪಾಸಣೆಗೆ ಬಂದವರಲ್ಲಿ ಹೆಚ್ಚಿನವರ ಗತಿ ಇದೇ ಆಗಿತ್ತು.

1883ರಲ್ಲಿ ಬರ್ಲಿನ್ನಿನಲ್ಲಿ ಸೇರಿದ್ದ ಶಸ್ತ್ರವೈದ್ಯರ ಸಭೆಯಲ್ಲಿ ಕೋಕರ್ ಇದನ್ನು ಮುಚ್ಚಿಡದೆ ಹೇಳಿದ. ತನ್ನ ನೂರು ಶಸ್ತ್ರಚಿಕಿತ್ಸೆಗಳ ಲೆಕ್ಕ ಒಪ್ಪಿಸಲು ಹೋದವನು ಅವುಗಳಿಂದಾದ ಹಾನಿಯ ಲೆಕ್ಕವನ್ನೂ ಒಪ್ಪಿಸಿದ. ಕ್ಯಾನ್ಸರ್ ಅಲ್ಲದ ಗಂಟಿಗಾಗಿ ಇನ್ನು ಮುಂದೆ ಇಡೀ ಗ್ರಂಥಿಯನ್ನು ತೆಗೆಯುವುದಿಲ್ಲ ಎಂದು ತೀರ್ಮಾನಿಸಿದ. ಥೈರಾಯ್ಡಿಗೆ ಒಂದು ಕೆಲಸವಿದೆ, ದೇಹದ ನಡಿಗೆಯ ವೇಗವನ್ನೇ ಅದು ನಿಗದಿಪಡಿಸುತ್ತದೆ ಎಂಬುದು ಸ್ಪಷ್ಟವಾದದ್ದು ಹೀಗೆ. 1909ರಲ್ಲಿ ಕೋಕರ್‌ಗೆ ನೊಬೆಲ್ ಪ್ರಶಸ್ತಿ ಬಂತು. ಶಸ್ತ್ರವೈದ್ಯನೊಬ್ಬನಿಗೆ ಬಂದ ಮೊದಲ ನೊಬೆಲ್ ಅದು. ತಾನು ಮಾಡಿದ ಚಿಕಿತ್ಸೆಯಿಂದ ಆದ ಕೇಡನ್ನು ತಾನೇ ಬೆನ್ನಟ್ಟಿ ಹೋಗಿ ನೋಡಿದ್ದಕ್ಕೆ ಆ ಪ್ರಶಸ್ತಿಯ ಅರ್ಧ ಪಾಲಾದರೂ ಸಲ್ಲಬೇಕು ಎಂದು ನನಗೆ ಅನ್ನಿಸುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಬಿಲ್‌ರೋತ್‌ನ ರೋಗಿಗಳಿಗೆ ಹೀಗೆ ಮಂಕು ಕವಿಯುತ್ತಿರಲಿಲ್ಲ. ಬದಲಿಗೆ ಕೈಕಾಲು ಸೆಟೆದುಕೊಳ್ಳುತ್ತಿದ್ದವು. ಇಬ್ಬರ ಕೆಲಸವನ್ನೂ ಹತ್ತಿರದಿಂದ ನೋಡಿದ್ದ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಇದಕ್ಕೆ ಕಾರಣವನ್ನು ಇಬ್ಬರ ಸ್ವಭಾವದಲ್ಲೇ ಕಂಡ. ಕೋಕರ್ ಅಚ್ಚುಕಟ್ಟಿನ ಮನುಷ್ಯ. ಥೈರಾಯ್ಡನ್ನು ಚೂರೂ ಬಿಡದೆ ತೆಗೆದು, ಸುತ್ತಲಿನದನ್ನೆಲ್ಲ ಹಾಗೇ ಉಳಿಸುತ್ತಿದ್ದ. ಬಿಲ್‌ರೋತ್‌ನದು ಬಿರುಸಿನ ಕೈ. ಥೈರಾಯ್ಡಿನ ತುಣುಕುಗಳನ್ನು ಉಳಿಸಿ, ಅದರ ಹಿಂದೆ ಅಂಟಿಕೊಂಡಿರುವ ಕಾಳಿನಷ್ಟೇ ದೊಡ್ಡ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ತಿಳಿಯದೆ ಕಿತ್ತುಬಿಡುತ್ತಿದ್ದ. ರಕ್ತದಲ್ಲಿ ಸುಣ್ಣದ ಅಂಶವನ್ನು ಕಾಯುವುದು ಈ ಪುಟ್ಟ ಗ್ರಂಥಿಗಳ ಕೆಲಸ. ಇವು ಮೊದಲು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಮನುಷ್ಯರಲ್ಲಲ್ಲ, ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದರ ಕತ್ತಿನಲ್ಲಿ. ಅದನ್ನು ಕೊಯ್ದು ನೋಡಿದವನು ರಿಚರ್ಡ್ ಓವೆನ್. ಮನುಷ್ಯರಲ್ಲಿ ಅವನ್ನು ಗುರುತಿಸಿದವನು 1880ರಲ್ಲಿ ಸ್ವೀಡನ್ನಿನ ಈವಾರ್ ಸ್ಯಾಂಡ್‌ಸ್ಟ್ರೋಮ್.

ಗ್ರಂಥಿಯಿಲ್ಲದವರ ಪಾಡಿಗೆ ಪರಿಹಾರ ದೊರೆತದ್ದು 1891ರಲ್ಲಿ. ಇಂಗ್ಲೆಂಡಿನ ಜಾರ್ಜ್ ಮರೆ ಎಂಬ ವೈದ್ಯ ಕುರಿಯ ಥೈರಾಯ್ಡಿನಿಂದ ತೆಗೆದ ರಸವನ್ನು ಸೂಜಿಮದ್ದಾಗಿ ಕೊಟ್ಟು ನಲವತ್ತಾರು ವರ್ಷದ ಒಬ್ಬ ಮಹಿಳೆಯನ್ನು ಬದುಕಿಸಿದ. ಆಕೆ ಇನ್ನೂ ಇಪ್ಪತ್ತೆಂಟು ವರ್ಷ ಬಾಳಿದಳು. 1914ರ ಕ್ರಿಸ್‌ಮಸ್ ದಿನ ಎಡ್ವರ್ಡ್ ಕೆಂಡಾಲ್ ಆ ರಸದೊಳಗಿನ ಹಾರ್ಮೋನನ್ನು ಹರಳಾಗಿ ಬೇರ್ಪಡಿಸಿದ. ಅದೇ ಥೈರಾಕ್ಸಿನ್. ಇಂದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೋಟ್ಯಂತರ ಜನ ನುಂಗುವ ಪುಟ್ಟ ಮಾತ್ರೆ. ಈ ಮಾತ್ರೆ ಇಲ್ಲದಿದ್ದರೆ ಕ್ಯಾನ್ಸರ್ ಬಂದ ಥೈರಾಯ್ಡನ್ನು ಪೂರ್ತಿ ತೆಗೆಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಕ್ಯಾನ್ಸರ್ ಎಂದು ಒಂದೇ ಹೆಸರಿದ್ದರೂ ಈ ಗ್ರಂಥಿಯಲ್ಲಿ ಹುಟ್ಟುವವು ಒಂದೇ ಜಾತಿಯವಲ್ಲ. ನೂರಕ್ಕೆ ಎಂಬತ್ತರಷ್ಟು ಪ್ಯಾಪಿಲರಿ ಎಂಬ ಬಗೆ. ಆಮೆಯ ನಡಿಗೆ ಇದರದು. ಕತ್ತಿನ ದುಗ್ಧರಸ ಗ್ರಂಥಿಗಳಿಗೆ ಹರಡಿದ ಮೇಲೂ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಎಷ್ಟು ನಿಧಾನವೆಂದರೆ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕತ್ತಿನ ಪಕ್ಕದ ಗಂಟಿನಲ್ಲಿ ಥೈರಾಯ್ಡ್ ಜೀವಕೋಶಗಳು ಕಂಡರೆ ಅದನ್ನು ಹುಟ್ಟಿನಿಂದ ಜಾಗ ತಪ್ಪಿದ ಥೈರಾಯ್ಡ್ ತುಣುಕು ಎಂದು ವೈದ್ಯರು ತಿಳಿಯುತ್ತಿದ್ದರು. ಅದು ಕ್ಯಾನ್ಸರ್ ಹರಡಿದ ಗುರುತು ಎಂಬ ಅರಿವು ಗಟ್ಟಿಯಾದದ್ದು 1940ರ ದಶಕದಲ್ಲಿ. ಎರಡನೆಯದು ಫಾಲಿಕ್ಯುಲರ್. ಇದು ರಕ್ತದ ದಾರಿ ಹಿಡಿದು ಎಲುಬು, ಶ್ವಾಸಕೋಶ ಸೇರುತ್ತದೆ. ಅಯೋಡಿನ್ ಕೊರತೆಯ ಊರುಗಳಲ್ಲಿ ಇದರ ಪಾಲು ಹೆಚ್ಚು. ಮೂರನೆಯದಾದ ಮೆಡುಲರಿ ಬಗೆ ಬೇರೆಯದೇ ಜೀವಕೋಶಗಳಿಂದ ಹುಟ್ಟುವಂಥದು. ಕೊನೆಯದು ಅನಾಪ್ಲಾಸ್ಟಿಕ್. ಅಪರೂಪದ್ದು, ಸಾಮಾನ್ಯವಾಗಿ ವಯಸ್ಸಾದವರಿಗೆ ಬರುವಂಥದು. ಮನುಷ್ಯನಿಗೆ ಬರುವ ಕ್ಯಾನ್ಸರ್‌ಗಳಲ್ಲೇ ಅತಿ ಕ್ರೂರವಾದವುಗಳಲ್ಲಿ ಒಂದು. ವಾರಗಳಲ್ಲೇ ಕತ್ತನ್ನು ತುಂಬಿ ಉಸಿರು ಕಟ್ಟಿಸಬಲ್ಲದು. ಆಮೆಯೂ ಚಿರತೆಯೂ ಒಂದೇ ಗುಹೆಯಲ್ಲಿ ವಾಸಿಸುವ ಉದಾಹರಣೆ ಬೇರೆ ಅಂಗಗಳಲ್ಲಿ ಇಷ್ಟು ಢಾಳಾಗಿ ಸಿಗುವುದು ಕಷ್ಟ.

ಈಗ ಅಯೋಡಿನ್ನಿನ ಕಡೆ ಬರೋಣ. ನೆಪೋಲಿಯನ್ನನ ಯುದ್ಧಗಳಿಗೆ ಕೋವಿಮದ್ದು ಬೇಕಿತ್ತು. ಅದಕ್ಕೆ ಬೇಕಾದ ಪೆಟ್ಲುಪ್ಪು ತಯಾರಿಸುತ್ತಿದ್ದ ಬರ್ನಾರ್ಡ್ ಕೂರ್ತ್ವಾ 1811ರಲ್ಲಿ ಕಡಲ ಪಾಚಿಯ ಬೂದಿಗೆ ಆಮ್ಲ ಹೆಚ್ಚಾಗಿ ಸುರಿದಾಗ ನೇರಳೆ ಬಣ್ಣದ ಹೊಗೆ ಎದ್ದಿತು. ಅದು ಅಯೋಡಿನ್. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡಕ್ಕೆ ಮದ್ದಾಗಿ ಕೊಟ್ಟು ನೋಡಿದ. ಥೈರಾಯ್ಡಿನೊಳಗೇ ಅಯೋಡಿನ್ ಇದೆಯೆಂದು ಜರ್ಮನಿಯ ಯೂಜೆನ್ ಬೌಮನ್ 1895ರಲ್ಲಿ ಕಂಡುಹಿಡಿದ. ಹಾರ್ಮೋನು ತಯಾರಿಸಲು ಗ್ರಂಥಿಗೆ ಅದು ಬೇಕೇ ಬೇಕು. ಆದ್ದರಿಂದ ರಕ್ತದಲ್ಲಿ ಹರಿದುಬಂದ ಅಯೋಡಿನ್ನನ್ನು ಅದು ಹಸಿದವನಂತೆ ಬಾಚಿಕೊಳ್ಳುತ್ತದೆ. ದೇಹದ ಬೇರಾವ ಅಂಗಕ್ಕೂ ಈ ಪ್ರಮಾಣದ ಹಸಿವಿಲ್ಲ.

1936ರ ನವೆಂಬರ್ 12ರಂದು ಅಮೆರಿಕದ ಬಾಸ್ಟನ್‌ನಲ್ಲಿ ವೈದ್ಯರ ಮಧ್ಯಾಹ್ನದ ಊಟದ ಕೂಟವೊಂದರಲ್ಲಿ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ ಭಾಷಣ ಮಾಡಿದ. ಭೌತವಿಜ್ಞಾನ ವೈದ್ಯಕ್ಕೆ ಏನು ಕೊಡಬಲ್ಲದು ಎಂಬುದು ವಿಷಯ. ಭಾಷಣ ಮುಗಿದ ಮೇಲೆ ಸಾಲ್ ಹರ್ಟ್ಜ್ ಎಂಬ ತರುಣ ವೈದ್ಯ ಎದ್ದು, ಅಯೋಡಿನ್ನನ್ನು ಕೃತಕವಾಗಿ ವಿಕಿರಣಪಟುವನ್ನಾಗಿ ಮಾಡಲು ಸಾಧ್ಯವೇ ಎಂದು ಕೇಳಿದ. ಕಾಂಪ್ಟನ್‌ಗೆ ಆಗ ಉತ್ತರ ಗೊತ್ತಿರಲಿಲ್ಲ. ಒಂದು ತಿಂಗಳ ಅನಂತರ, ಸಾಧ್ಯ ಎಂದು ಪತ್ರ ಬರೆದ. ಮುಂದಿನ ವರ್ಷವೇ ಮೊಲಗಳ ಮೇಲೆ ಪ್ರಯೋಗ ನಡೆಯಿತು. 1938ರಲ್ಲಿ ಸೀಬೋರ್ಗ್ ಮತ್ತು ಲಿವಿಂಗುಡ್ ಬರ್ಕ್ಲಿಯಲ್ಲಿ ಅಯೋಡಿನ್-131 ಎಂಬ ರೂಪವನ್ನು ತಯಾರಿಸಿದರು. ಇದರ ಅರ್ಧಾಯುಷ್ಯ ಎಂಟು ದಿನ, ಎಂದರೆ ಎಂಟು ದಿನಗಳಿಗೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಚಿಕಿತ್ಸೆಗೆ ಹೇಳಿ ಮಾಡಿಸಿದ ಅವಧಿ. 1941ರಲ್ಲಿ ಹರ್ಟ್ಜ್ ಅತಿಚುರುಕಿನ ಥೈರಾಯ್ಡ್ ಇದ್ದ ರೋಗಿಯೊಬ್ಬರಿಗೆ ವಿಕಿರಣಪಟು ಅಯೋಡಿನ್ ಕುಡಿಸಿದ.

ಕ್ಯಾನ್ಸರಿಗೆ ಅದು ಒದಗಿದ್ದು ನ್ಯೂಯಾರ್ಕಿನ ಮಾಂಟಿಫಿಯೋರ್ ಆಸ್ಪತ್ರೆಯಲ್ಲಿ, ಒಂದು ಒಗಟಿನ ಮೂಲಕ. ಅಲ್ಲಿಗೆ ಬಂದ ಒಬ್ಬ ರೋಗಿಯ ಥೈರಾಯ್ಡನ್ನು 1923ರಲ್ಲೇ ತೆಗೆಯಲಾಗಿತ್ತು. ಗ್ರಂಥಿಯೇ ಇಲ್ಲದವನಿಗೆ ಮಂಕು ಕವಿಯಬೇಕಿತ್ತು. ಇವನಿಗೋ ತೂಕ ಇಳಿಯುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಥೈರಾಯ್ಡ್ ಅತಿಯಾಗಿ ದುಡಿಯುವವರ ಲಕ್ಷಣಗಳು ಇವು. ದುಡಿಯುತ್ತಿದ್ದುದು ಎಲುಬುಗಳಿಗೆ ಹರಡಿದ್ದ ಕ್ಯಾನ್ಸರ್! ತವರು ಬಿಟ್ಟು ಬಂದರೂ ಆ ಜೀವಕೋಶಗಳು ಕಸುಬು ಮರೆತಿರಲಿಲ್ಲ. ಅಯೋಡಿನ್ ಹೀರಿ ಹಾರ್ಮೋನು ತಯಾರಿಸುತ್ತಲೇ ಇದ್ದವು. ಹಾಗಿದ್ದರೆ ವಿಷದ ಅಯೋಡಿನ್ನನ್ನೇ ಉಣಿಸಬಹುದಲ್ಲ ಎಂದು ಸ್ಯಾಮ್ಯುಯೆಲ್ ಸೀಡ್ಲಿನ್ ಯೋಚಿಸಿದ. 1943ರಲ್ಲಿ ಆರಂಭಿಸಿದ ಚಿಕಿತ್ಸೆಯಿಂದ ರೋಗಿಯ ನೋವು ತಗ್ಗಿತು, ಗಡ್ಡೆಗಳು ಕುಗ್ಗಿದವು. ಸೀಡ್ಲಿನ್ ಮತ್ತು ಸಂಗಡಿಗರ ವರದಿ 1946ರಲ್ಲಿ ಪ್ರಕಟವಾದಾಗ ಅಮೆರಿಕದಲ್ಲಿ ಸಂಚಲನವಾಯಿತು. ಹಿರೋಷಿಮಾದ ಮರುವರ್ಷ ಅದು. ಬಾಂಬಿನ ವಿಜ್ಞಾನದಿಂದ ಏನಾದರೂ ಒಳಿತಾಗಲಿ ಎಂದು ಎಲ್ಲರೂ ಹಂಬಲಿಸುತ್ತಿದ್ದ ಕಾಲ.

ಇಂದಿಗೂ ಚಿಕಿತ್ಸೆಯ ತಿರುಳು ಇದೇ. ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿ ತೆಗೆದ ಮೇಲೆ, ಅಗತ್ಯವಿರುವವರಿಗೆ ವಿಕಿರಣಪಟು ಅಯೋಡಿನ್ನನ್ನು ಮಾತ್ರೆಯಾಗಿಯೋ ದ್ರವವಾಗಿಯೋ ಕೊಡುತ್ತಾರೆ. ಅದು ಉಳಿದ ಥೈರಾಯ್ಡ್ ಜೀವಕೋಶಗಳನ್ನು ಹುಡುಕಿ ಒಳಹೊಕ್ಕು, ಒಂದೆರಡು ಮಿಲಿಮೀಟರ್ ದೂರದೊಳಗೇ ತನ್ನ ಕಿರಣದ ಹೆಚ್ಚಿನ ಶಕ್ತಿಯನ್ನು ಸುರಿದು ಅವನ್ನು ಕೊಲ್ಲುತ್ತದೆ. ಆ ಜೀವಕೋಶಗಳ ಹಸಿವು ಕೆರಳಲೆಂದು ಮೊದಲೇ ಕೆಲವು ದಿನ ಅಯೋಡಿನ್ ಉಪ್ಪು, ಮೀನು, ಹಾಲು ಬಿಡಿಸಿ ಪಥ್ಯ ಮಾಡಿಸುತ್ತಾರೆ. ಮೂರು ನಾಲ್ಕು ವಾರ ಥೈರಾಕ್ಸಿನ್ ಮಾತ್ರೆ ನಿಲ್ಲಿಸುವುದೂ ಉಂಟು. ಆಗ ರೋಗಿಗೆ ಚಳಿ, ಜಡತೆ, ಮುಖ ಊದಿಕೊಂಡ ಅನುಭವ. ಕೋಕರ್‌ನ ಹುಡುಗಿ ವರ್ಷಗಟ್ಟಲೆ ಪಟ್ಟ ಪಾಡನ್ನು ಇವರು ಕೆಲವು ವಾರ ಪಡುತ್ತಾರೆ. ಅದನ್ನು ತಪ್ಪಿಸುವ ಸೂಜಿಮದ್ದು 1998ರಿಂದ ಬಳಕೆಗೆ ಬಂದಿದೆಯಾದರೂ ದುಬಾರಿ. ದೊಡ್ಡ ಪ್ರಮಾಣದ ಅಯೋಡಿನ್ ತೆಗೆದುಕೊಂಡವರು ಒಂದೆರಡು ದಿನ ಪ್ರತ್ಯೇಕ ಕೋಣೆಯಲ್ಲಿರಬೇಕು. ಬೆವರು, ಎಂಜಲು, ಮೂತ್ರದಲ್ಲೂ ವಿಕಿರಣ ಇರುತ್ತದೆ. ಮನೆಗೆ ಹೋದ ಮೇಲೂ ಕೆಲವು ದಿನ ಮಕ್ಕಳನ್ನು, ಬಸುರಿಯರನ್ನು ಹತ್ತಿರ ಸೇರಿಸುವಂತಿಲ್ಲ. ಭಾರತದಲ್ಲಿ ಈ ವಿದ್ಯೆ ಬೇರೂರಿದ್ದು ಟ್ರಾಂಬೆಯ ಪರಮಾಣು ರಿಯಾಕ್ಟರುಗಳಿಂದ. ಅಲ್ಲಿ ತಯಾರಾಗುವ ಐಸೊಟೋಪುಗಳನ್ನು ರೋಗಿಗಳಿಗೆ ಬಳಸಲೆಂದೇ 1963ರಲ್ಲಿ ಮುಂಬಯಿಯಲ್ಲಿ ರೇಡಿಯೇಷನ್ ಮೆಡಿಸಿನ್ ಸೆಂಟರ್ ಆರಂಭವಾಯಿತು.

ಆದರೆ ಅದೇ ಹಸಿವು ಕ್ಯಾನ್ಸರನ್ನು ಗುಣಪಡಿಸಿದಂತೆ ಕ್ಯಾನ್ಸರನ್ನು ತಂದೂ ಇಟ್ಟಿತು. ಥೈರಾಯ್ಡಿಗೆ ವಿಕಿರಣದಿಂದ ಕೇಡಾಗುತ್ತದೆ ಎಂಬ ಮೊದಲ ಸುಳಿವು ಬಂದದ್ದು ವೈದ್ಯರ ಕೋಣೆಯಿಂದಲೇ. ಹಿಂದಿನ ಶತಮಾನದ ಮೊದಲರ್ಧದಲ್ಲಿ ಹಸುಗೂಸುಗಳ ಹಠಾತ್ ಸಾವಿಗೆ ಎದೆಯೊಳಗಿನ ಥೈಮಸ್ ಗ್ರಂಥಿ ಊದಿರುವುದು ಕಾರಣವೆಂದು ನಂಬಲಾಗಿತ್ತು. ಅದನ್ನು ಕುಗ್ಗಿಸಲು ಅಮೆರಿಕದಲ್ಲಿ ಆರೋಗ್ಯವಂತ ಶಿಶುಗಳಿಗೂ ಎಕ್ಸ್-ರೇ ಹಾಯಿಸುತ್ತಿದ್ದರು. ನಿಜಕ್ಕೂ ಆ ಗ್ರಂಥಿಗಳು ಊದಿರಲಿಲ್ಲ. ಹೆಣಕೊಯ್ದು ಕಲಿಯಲು ವೈದ್ಯರಿಗೆ ಸಿಗುತ್ತಿದ್ದುದು ಬಡವರ ಶವಗಳು. ಹಸಿವು, ದೀರ್ಘಕಾಲದ ಕಾಯಿಲೆಗಳಿಂದ ಅವರ ಥೈಮಸ್ ಕುಗ್ಗಿರುತ್ತಿತ್ತು. ಕುಗ್ಗಿದ್ದೇ ಸಹಜ ಎಂದು ತಿಳಿದವರಿಗೆ ಸಹಜವಾದದ್ದು ಊದಿದಂತೆ ಕಂಡಿತು. 1950ರಲ್ಲಿ ಡಫಿ ಮತ್ತು ಫಿಟ್ಸ್‌ಜೆರಾಲ್ಡ್ ಎಂಬ ವೈದ್ಯರು ಥೈರಾಯ್ಡ್ ಕ್ಯಾನ್ಸರ್ ಬಂದ 28 ಮಕ್ಕಳ ಪೂರ್ವಕಥೆ ಕೆದಕಿದಾಗ ಮೂರನೆಯ ಒಂದು ಪಾಲಿನಷ್ಟು ಮಕ್ಕಳಿಗೆ ಶೈಶವದಲ್ಲಿ ಈ 'ಚಿಕಿತ್ಸೆ' ಆಗಿತ್ತು. ಟಾನ್ಸಿಲ್‌ಗೆ, ತಲೆಯ ಹುಳುಕಡ್ಡಿಗೆ, ಮುಖದ ಮೊಡವೆಗೆ ಕೂಡ ಎಕ್ಸ್-ರೇ ಕೊಡುತ್ತಿದ್ದ ಕಾಲ ಅದು.

ಇದಕ್ಕಿಂತ ಬಹಳ ದೊಡ್ಡ ಪ್ರಮಾಣದಲ್ಲಿ ಅದೇ ಪಾಠ ಕಾದಿತ್ತು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರ ಸಿಡಿದಾಗ ಗಾಳಿಗೆ ಸೇರಿದ ಅಯೋಡಿನ್-131 ಹುಲ್ಲಿನ ಮೇಲೆ ಇಳಿಯಿತು. ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳಿಗೆ ಬಂತು. ಬೆಲಾರುಸ್ ಮತ್ತು ಉಕ್ರೇನಿನ ಆ ಭಾಗದ ಮಣ್ಣಿನಲ್ಲಿ ಅಯೋಡಿನ್ ಮೊದಲೇ ಕಡಿಮೆ. ಹಸಿದಿದ್ದ ಗ್ರಂಥಿಗಳು ವಿಷವನ್ನು ಬಾಚಿ ತುಂಬಿಕೊಂಡವು. ನೆರೆಯ ಪೋಲೆಂಡ್ ಮಾತ್ರ ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಸಾಮಾನ್ಯ ಅಯೋಡಿನ್ ಕುಡಿಸಿತು. ತುಂಬಿದ ಹೊಟ್ಟೆಗೆ ವಿಷ ಹಿಡಿಸುವುದಿಲ್ಲ ಎಂಬ ಲೆಕ್ಕಾಚಾರ ಅದು.

ನಾಲ್ಕೇ ವರ್ಷಗಳಲ್ಲಿ ಮಿನ್ಸ್ಕ್ ನಗರದ ಆಸ್ಪತ್ರೆಗೆ ಕತ್ತಿನಲ್ಲಿ ಗಂಟಿರುವ ಮಕ್ಕಳು ಬರತೊಡಗಿದರು. 1992ರಲ್ಲಿ ಬೆಲಾರುಸ್‌ನ ಕಜಕೋವ್, ಡೆಮಿಡ್ಚಿಕ್ ಮತ್ತು ಅಸ್ತಖೋವಾ 'ನೇಚರ್' ಪತ್ರಿಕೆಗೆ ಪತ್ರ ಬರೆದು ಇದನ್ನು ಜಗತ್ತಿಗೆ ತಿಳಿಸಿದರು. ಪಶ್ಚಿಮದ ಹಲವು ತಜ್ಞರು ನಂಬಲಿಲ್ಲ. ಇಷ್ಟು ಬೇಗ ಕ್ಯಾನ್ಸರ್ ಬರಲಾರದು, ಹುಡುಕಾಟ ಹೆಚ್ಚಾದ್ದರಿಂದ ಕಾಣುತ್ತಿದೆ ಎಂದರು. ಮಕ್ಕಳ ಕತ್ತು ನೋಡುತ್ತಿದ್ದ ವೈದ್ಯರ ಮಾತೇ ನಿಜವಾಯಿತು. ಅಪಘಾತದ ವೇಳೆ ಹದಿನೆಂಟು ತುಂಬದಿದ್ದವರಲ್ಲಿ 2015ರ ಹೊತ್ತಿಗೆ ಸುಮಾರು 19,000 ಥೈರಾಯ್ಡ್ ಕ್ಯಾನ್ಸರ್‌ಗಳು ದಾಖಲಾದವು. ಅವುಗಳಲ್ಲಿ ಕಾಲು ಭಾಗದಷ್ಟಕ್ಕೆ ವಿಕಿರಣ ಕಾರಣವೆಂದು ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ ಅಂದಾಜು ಮಾಡಿದೆ. ಆ ಮಕ್ಕಳಲ್ಲಿ ಸತ್ತವರು ಕೆಲವೇ ಮಂದಿ. ಕಾಯಿಲೆ ಕೊಟ್ಟ ಅಯೋಡಿನ್-131ರಿಂದಲೇ ಅನೇಕರಿಗೆ ಚಿಕಿತ್ಸೆಯೂ ನಡೆಯಿತು. ಕತ್ತಿನ ಅಡ್ಡಕ್ಕೆ ಉಳಿದ ಗಾಯದ ಗುರುತನ್ನು ಅಲ್ಲಿಯ ಜನ 'ಚೆರ್ನೋಬಿಲ್ ಹಾರ' ಎಂದು ಕರೆದರು.

ಇನ್ನು ರೋಗನಿರ್ಣಯದ ವಿಚಾರ. ಥೈರಾಯ್ಡಿನಲ್ಲಿ ಗಂಟು ಬಹಳ ಸಾಮಾನ್ಯ, ಅದರಲ್ಲೂ ಹೆಂಗಸರಲ್ಲಿ. ಅವುಗಳಲ್ಲಿ ಕ್ಯಾನ್ಸರ್ ಆಗಿರುವುದು ನೂರಕ್ಕೆ ಐದರಿಂದ ಹದಿನೈದು. ಹಿಂದೆ ಇದನ್ನು ತಿಳಿಯಲು ಗಂಟನ್ನು ಕತ್ತರಿಸಿ ತೆಗೆದೇ ನೋಡಬೇಕಿತ್ತು. ಒಬ್ಬರ ಕ್ಯಾನ್ಸರ್ ಪತ್ತೆಗೆ ಹತ್ತಾರು ಮಂದಿಯ ಕತ್ತಿಗೆ ಗಾಯ. ಸ್ವೀಡನ್ನಿನ ವೈದ್ಯರು 1950ರ ದಶಕದಲ್ಲಿ ಸಣ್ಣ ಸೂಜಿ ಚುಚ್ಚಿ ಗಂಟಿನಿಂದ ಒಂದಿಷ್ಟು ಜೀವಕೋಶಗಳನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯನ್ನು ರೂಢಿಸಿದರು. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡೀತೆಂದು ಬೇರೆ ದೇಶಗಳು ಬಹುಕಾಲ ಹಿಂಜರಿದವು. ನಮ್ಮಲ್ಲಿ ಇವತ್ತಿಗೂ ಅನೇಕ ರೋಗಿಗಳು ಇದೇ ಭಯದಿಂದ ಸೂಜಿ ಪರೀಕ್ಷೆಗೆ ಒಪ್ಪುವುದಿಲ್ಲ. ಈ ಭಯಕ್ಕೆ ಆಧಾರವಿಲ್ಲವೆಂದು ದಶಕಗಳ ಅನುಭವ ತೋರಿಸಿದೆ. ಈಗ ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಚುಚ್ಚುತ್ತಾರೆ. ಫಲಿತಾಂಶವನ್ನು ಆರು ವರ್ಗಗಳಲ್ಲಿ ಬರೆಯುತ್ತಾರೆ. ಈ ವರ್ಗೀಕರಣ 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ನಡೆದ ಸಮಾವೇಶದ ಫಲ. ರೋಗಿಯ ಕೈಗೆ ಬರುವ ವರದಿಯಲ್ಲಿ 'ಬೆಥೆಸ್ಡಾ 2' ಎಂದಿದ್ದರೆ ಬಹುತೇಕ ನಿಶ್ಚಿಂತೆ. 'ಬೆಥೆಸ್ಡಾ 6' ಎಂದರೆ ಕ್ಯಾನ್ಸರ್. ನಡುವಿನವು ಗೊಂದಲದವು.

ಗೊಂದಲಕ್ಕೆ ಕಾರಣವೂ ಇದೆ. ಫಾಲಿಕ್ಯುಲರ್ ಬಗೆಯಲ್ಲಿ ಸಾಧು ಗಂಟಿನ ಜೀವಕೋಶಗಳೂ ಕ್ಯಾನ್ಸರ್ ಜೀವಕೋಶಗಳೂ ನೋಡಲು ಒಂದೇ. ಗಂಟಿನ ಸುತ್ತಲಿನ ಪೊರೆಯನ್ನು ಅವು ದಾಟಿವೆಯೇ ಇಲ್ಲವೇ ಎಂಬುದರಲ್ಲಿ ವ್ಯತ್ಯಾಸ. ಹೊಲದೊಳಗಿನ ನಾಲ್ಕು ದನಗಳನ್ನು ಹಿಡಿದು ನೋಡಿದರೆ ಬೇಲಿ ಮುರಿದಿದೆಯೇ ಎಂದು ಗೊತ್ತಾಗುವುದಿಲ್ಲ. ಬೇಲಿಯನ್ನೇ ನೋಡಬೇಕು. ಅದಕ್ಕೆ ಗಂಟನ್ನು ತೆಗೆಯದೆ ಬೇರೆ ದಾರಿಯಿಲ್ಲ. ಮೊದಲು ಅರ್ಧ ಗ್ರಂಥಿ ತೆಗೆದು, ವರದಿ ಬಂದ ಮೇಲೆ ಇನ್ನರ್ಧ ತೆಗೆಯಬೇಕೆಂದು ವೈದ್ಯರು ಹೇಳಿದರೆ ಅವರಿಗೆ ಕೆಲಸ ಬರುವುದಿಲ್ಲ ಎಂದು ತಿಳಿಯಬೇಕಾಗಿಲ್ಲ. ಮೆಡುಲರಿ ಬಗೆಯಲ್ಲಿ ಮಾತ್ರ ವಿಜ್ಞಾನ ರೋಗಕ್ಕಿಂತ ಮುಂದೆ ಓಡಿದೆ. ಕೆಲವು ಕುಟುಂಬಗಳಲ್ಲಿ ಇದು ವಂಶವಾಹಿ. ಅದಕ್ಕೆ ಕಾರಣವಾದ 'ರೆಟ್' ಎಂಬ ಜೀನಿನ ದೋಷ 1993ರಲ್ಲಿ ಪತ್ತೆಯಾಯಿತು. ಈಗ ಅಂಥ ಕುಟುಂಬದ ಮಗುವಿನ ರಕ್ತ ಪರೀಕ್ಷಿಸಿ, ದೋಷವಿದ್ದರೆ ಕ್ಯಾನ್ಸರ್ ಹುಟ್ಟುವ ಮೊದಲೇ ಗ್ರಂಥಿಯನ್ನು ತೆಗೆದುಬಿಡುತ್ತಾರೆ.

ಅಲ್ಟ್ರಾಸೌಂಡ್ ಅಗ್ಗವಾದದ್ದೇ ತಡ, ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಬಂತು. 1985ರಲ್ಲಿ ಫಿನ್ಲೆಂಡಿನ ಸಂಶೋಧಕರು ಬೇರೆ ಕಾರಣಗಳಿಂದ ಸತ್ತ 101 ಮಂದಿಯ ಥೈರಾಯ್ಡನ್ನು ತೆಳುವಾಗಿ ಹೋಳು ಮಾಡಿ ನೋಡಿದಾಗ ನೂರಕ್ಕೆ ಮೂವತ್ತೈದಕ್ಕೂ ಹೆಚ್ಚು ಮಂದಿಯಲ್ಲಿ ಪುಟ್ಟ ಪ್ಯಾಪಿಲರಿ ಕ್ಯಾನ್ಸರ್ ಸಿಕ್ಕಿತ್ತು. ಬದುಕಿದ್ದಾಗ ಅವರಿಗೆ ಅದರ ಸುಳಿವೇ ಇರಲಿಲ್ಲ. ಹುಡುಕಿದರೆ ಸಿಗುತ್ತದೆ, ಹುಡುಕದಿದ್ದರೆ ಬಹುಪಾಲು ಸುಮ್ಮನಿರುತ್ತದೆ. ಈ ವರದಿಯನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಸರಕಾರದ ಕ್ಯಾನ್ಸರ್ ತಪಾಸಣಾ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ಥೈರಾಯ್ಡ್ ಇರಲಿಲ್ಲ. ಆದರೆ ಆಸ್ಪತ್ರೆಗಳು ಸಣ್ಣ ಶುಲ್ಕಕ್ಕೆ ಕತ್ತಿನ ಅಲ್ಟ್ರಾಸೌಂಡನ್ನೂ ಜೊತೆಗೆ ಸೇರಿಸಿದವು. 2011ರ ಹೊತ್ತಿಗೆ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿದ್ದುದರ ಹದಿನೈದು ಪಟ್ಟಾಗಿತ್ತು. ಆ ಒಂದೇ ವರ್ಷ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಇದೆಯೆಂದು ಹೇಳಲಾಯಿತು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ಏರಲೂ ಇಲ್ಲ, ಇಳಿಯಲೂ ಇಲ್ಲ. ಪತ್ತೆಯಾದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಶಸ್ತ್ರಚಿಕಿತ್ಸೆಗೆ ಒಳಗಾದರು. ಹಾಗೆ ಕತ್ತರಿಸಿಕೊಂಡವರಲ್ಲಿ ನೂರಕ್ಕೆ ಹನ್ನೊಂದು ಮಂದಿಯ ಪ್ಯಾರಾಥೈರಾಯ್ಡ್ ಕೆಟ್ಟಿತು, ಇಬ್ಬರ ಧ್ವನಿತಂತು ನಿಷ್ಕ್ರಿಯವಾಯಿತು. ಬಿಲ್‌ರೋತ್‌ನ ಕಾಲದ ತೊಂದರೆ ಇಪ್ಪತ್ತೊಂದನೆಯ ಶತಮಾನದ ಅತ್ಯಾಧುನಿಕ ಆಸ್ಪತ್ರೆಗಳಲ್ಲಿ ಮರಳಿ ಬಂದಿತ್ತು.

ಇದರ ನೆರೆಯಲ್ಲೇ, ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯಲ್ಲಿ, ಬೇರೊಂದು ದಾರಿ ಹಿಡಿದವರಿದ್ದರು. ಅಕಿರಾ ಮಿಯಾವುಚಿ ಎಂಬ ಶಸ್ತ್ರವೈದ್ಯರು 1993ರಲ್ಲಿ ಸಹೋದ್ಯೋಗಿಗಳ ಮುಂದೆ ಒಂದು ಸಲಹೆ ಇಟ್ಟರು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಅಪಾಯದ ಲಕ್ಷಣವಿಲ್ಲದ ಪ್ಯಾಪಿಲರಿ ಕ್ಯಾನ್ಸರನ್ನು ಕೂಡಲೇ ಕತ್ತರಿಸುವ ಬದಲು ವರ್ಷಕ್ಕೊಂದೆರಡು ಸಲ ಅಲ್ಟ್ರಾಸೌಂಡ್ ಮಾಡಿ ಗಮನಿಸೋಣ, ಬೆಳೆದರೆ ಆಗ ತೆಗೆಯೋಣ ಎಂದರು. ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಸುಮ್ಮನೆ ಕಾಯುವುದು! ರೋಗಿಯ ಮನೆಯವರಿಗಂತೂ ಇದು ಅರಗುವ ಮಾತಲ್ಲ. ಆದರೂ ಒಪ್ಪಿದವರಿದ್ದರು. ಹಾಗೆ ಕಾದ 1,235 ಮಂದಿಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಹತ್ತು ವರ್ಷಗಳಲ್ಲಿ ನೂರಕ್ಕೆ ಎಂಟು ಮಂದಿಯಲ್ಲಿ ಗಂಟು ಮೂರು ಮಿಲಿಮೀಟರ್‌ನಷ್ಟು ಬೆಳೆದಿತ್ತು, ನಾಲ್ಕು ಮಂದಿಯಲ್ಲಿ ಕತ್ತಿನ ದುಗ್ಧರಸ ಗ್ರಂಥಿಗೆ ಹರಡಿತ್ತು. ಅಂಥವರಿಗೆ ಆಮೇಲೆ ಶಸ್ತ್ರಚಿಕಿತ್ಸೆಯಾಯಿತು. ಥೈರಾಯ್ಡ್ ಕ್ಯಾನ್ಸರಿನಿಂದ ಸತ್ತವರು ಒಬ್ಬರೂ ಇರಲಿಲ್ಲ. ವಯಸ್ಸಾದವರ ಗಂಟು ತರುಣರ ಗಂಟಿಗಿಂತಲೂ ನಿಧಾನ ಎಂಬ ಅಚ್ಚರಿಯ ಸಂಗತಿಯೂ ಹೊರಬಿತ್ತು.

ಅಲ್ಲಿಂದೀಚೆಗೆ ಗಾಳಿ ಆ ದಿಕ್ಕಿಗೇ ಬೀಸುತ್ತಿದೆ. ಅಪಾಯ ಕಡಿಮೆಯಿರುವ, ನಾಲ್ಕು ಸೆಂಟಿಮೀಟರಿನೊಳಗಿನ ಕ್ಯಾನ್ಸರಿಗೆ ಅರ್ಧ ಗ್ರಂಥಿ ತೆಗೆದರೂ ಸಾಕಾಗಬಹುದೆಂದು ಅಮೆರಿಕದ ಥೈರಾಯ್ಡ್ ತಜ್ಞರ ಸಂಘ 2015ರಲ್ಲಿ ಹೇಳಿತು. 2016ರಲ್ಲಿ ಒಂದು ಬಗೆಯ ಗಂಟಿನ ಹೆಸರಿನಿಂದ 'ಕ್ಯಾನ್ಸರ್' ಎಂಬ ಪದವನ್ನೇ ಕಿತ್ತುಹಾಕಲಾಯಿತು. ಪೊರೆಯೊಳಗೇ ಉಳಿದು ಹೊರಗೆ ಹರಡದ ಗಂಟು ಅದು. 2022ರಲ್ಲಿ ಫ್ರಾನ್ಸಿನ ವೈದ್ಯರು ಸಣ್ಣ ಕ್ಯಾನ್ಸರ್ ತೆಗೆಸಿಕೊಂಡವರಲ್ಲಿ ಅರ್ಧದಷ್ಟು ಮಂದಿಗೆ ವಿಕಿರಣಪಟು ಅಯೋಡಿನ್ ಕೊಟ್ಟು, ಉಳಿದವರಿಗೆ ಕೊಡದೆ ಮೂರು ವರ್ಷ ನೋಡಿದರು. ಕೊಡದವರು ಹಿಂದೆ ಬೀಳಲಿಲ್ಲ.

ಇದನ್ನೆಲ್ಲ ಓದಿ ಕತ್ತಿನ ಗಂಟನ್ನು ಅಲಕ್ಷಿಸುವುದು ಇನ್ನೊಂದು ತುದಿಯ ತಪ್ಪು. ಬೇಗ ಬೆಳೆಯುತ್ತಿರುವ ಗಂಟು, ಕಲ್ಲಿನಂತೆ ಗಟ್ಟಿಯಾದ ಗಂಟು, ಕಾರಣವಿಲ್ಲದೆ ಒಡೆದ ದನಿ, ನುಂಗಲು ಕಷ್ಟ, ಮಕ್ಕಳ ಕತ್ತಿನಲ್ಲಿ ಕಂಡ ಗಂಟು, ಮನೆತನದಲ್ಲಿ ಈ ಕ್ಯಾನ್ಸರ್ ಇರುವುದು, ಇವು ಯಾವುದಿದ್ದರೂ ತಡಮಾಡುವಂತಿಲ್ಲ. ದೂರದ ಊರುಗಳಿಂದ ದೊಡ್ಡಾಸ್ಪತ್ರೆಗೆ ಬರುವ ಎಷ್ಟೋ ರೋಗಿಗಳದು ಅತಿ ಹುಡುಕಾಟದ ಸಮಸ್ಯೆಯಲ್ಲ, ಹುಡುಕಾಟವೇ ಇಲ್ಲದ ಸಮಸ್ಯೆ. ಎರಡೂ ಒಟ್ಟಿಗೆ ಇರುವ ನಾಡು ನಮ್ಮದು. ನೆರೆಯ ಕೇರಳದ ತಿರುವನಂತಪುರದಲ್ಲಿ ಹೆಂಗಸರ ಥೈರಾಯ್ಡ್ ಕ್ಯಾನ್ಸರ್ ದೇಶದಲ್ಲೇ ಅತಿ ಹೆಚ್ಚು ದಾಖಲಾಗುವ ಕಡೆಗಳಲ್ಲಿ ಒಂದು. ತಪಾಸಣೆ ಹೆಚ್ಚಿದ್ದೂ ಇದಕ್ಕೆ ಕಾರಣವೆಂದು ಸಂಶೋಧಕರು ತೋರಿಸಿದ್ದಾರೆ. ನಮ್ಮ ನಗರಗಳ ಪ್ರಯೋಗಾಲಯಗಳು ಹುಟ್ಟುಹಬ್ಬಕ್ಕೂ ಹಬ್ಬಹರಿದಿನಕ್ಕೂ 'ಪೂರ್ಣದೇಹ ತಪಾಸಣೆ'ಯ ಪ್ಯಾಕೇಜು ಮಾರುತ್ತಿವೆ. ಕತ್ತಿನ ಅಲ್ಟ್ರಾಸೌಂಡ್ ಅದರೊಳಗೆ ಪುಕ್ಕಟೆಯಾಗಿ ಬಂದರೂ ಅದರ ನಿಜವಾದ ಬೆಲೆ ಆಮೇಲೆ ಗೊತ್ತಾಗುತ್ತದೆ. ಯಾವ ತೊಂದರೆಯೂ ಇಲ್ಲದವರಿಗೆ ಥೈರಾಯ್ಡ್ ಕ್ಯಾನ್ಸರ್ ಹುಡುಕುವ ತಪಾಸಣೆ ಬೇಡವೆಂದು ಅಮೆರಿಕದ ರೋಗತಡೆ ತಜ್ಞರ ಸಮಿತಿ 2017ರಲ್ಲಿ ನೇರವಾಗಿಯೇ ಹೇಳಿದೆ.

ಕೊರಿಯಾದಲ್ಲೂ 2014ರ ಮಾರ್ಚಿನಲ್ಲಿ ಕೆಲವು ವೈದ್ಯರು ಒಟ್ಟುಗೂಡಿ ಇದೇ ಮಾತನ್ನು ಬಹಿರಂಗವಾಗಿ ಹೇಳಿದರು. ಪತ್ರಿಕೆಗಳು ಅದನ್ನು ಎತ್ತಿಕೊಂಡವು, ಜನ ಕತ್ತಿನ ಸ್ಕ್ಯಾನಿಗೆ ಹೋಗುವುದು ಕಡಿಮೆಯಾಯಿತು. ಒಂದೇ ವರ್ಷದೊಳಗೆ ಅಲ್ಲಿ ಥೈರಾಯ್ಡ್ ಶಸ್ತ್ರಚಿಕಿತ್ಸೆಗಳು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ಅದಕ್ಕೆ ಮೊದಲೇ ಇಡೀ ಗ್ರಂಥಿ ತೆಗೆಸಿಕೊಂಡಿದ್ದ ಲಕ್ಷಾಂತರ ಮಂದಿ ಈಗಲೂ ದಿನಾ ಬೆಳಗ್ಗೆ ಏಳುತ್ತಲೇ ಕೆಂಡಾಲ್ ಕಂಡುಹಿಡಿದ ಆ ಹಾರ್ಮೋನಿನ ಮಾತ್ರೆ ನುಂಗುತ್ತಾರೆ.